ಮಾವನ ಗಡಿಯಾರ ತಪ್ಪಿದ ಬೇಸಿಗೆ

"ಜಾತಕ ಎಲ್ಲ ಎಂತಕ್ಕೆ? ಮಾಣಿಗೂ ಕೂಸಿಗೂ ಒಪ್ಪಿಗೆ ಆದ್ರೆ ಸಾಕು" ಎಂದರು, ಮಗಳನ್ನು ಕೇಳಿಕೊಂಡು ಬಂದವರು. ಒಳ್ಳೆಯ ಜನ. ಅವಲಕ್ಕಿ ಹೊಗಳಿದರು, ಚಹಾ ಕುಡಿದರು, ನಗುನಗುತ್ತ ಎದ್ದು ಹೋದರು. ನಮ್ಮ ಮನೆಯವರ ಮುಖ ಅರಳಿ ಮೊರದಗಲ ಆಗಿತ್ತು. ನಾನು ಮಾತ್ರ ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಕುಕ್ಕಿ ಕುಕ್ಕಿ ಇಟ್ಟೆ. "ಒಳ್ಳೇದೇ ಆತಲೇ, ನಿಂಗೆ ಎಂತ ಆತು?" ಎಂದು ಇವರು ಕೇಳಿದರು. ಏನೂ ಆಗಿಲ್ಲ ಎಂದೆ.

ಆಗಿತ್ತು. ಜಾತಕ ಯಾರಿಗೂ ಬೇಡದ ಕಾಲವೊಂದು ಬರುವುದಿದ್ದರೆ ಒಂದಿಪ್ಪತ್ತೈದು ವರ್ಷ ಮೊದಲೇ ಬರಬಾರದಿತ್ತೇ? ಆಗ ಬಂದಿದ್ದರೆ ಯಲ್ಲಾಪುರದ ಆ ಬೇಸಿಗೆಯಲ್ಲಿ ನಮ್ಮ ಮಾವ ಹಾಗೆ ಎದ್ದುನಿಂತು ಮಾತಾಡುವ ಪ್ರಮೇಯ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಆ ಸಿಟ್ಟಿನ ಜೊತೆಗೇ ಹಿತ್ತಾಳೆ ತಿಕ್ಕುವ ಪಾಲಿಶಿನ ಘಾಟು ಮೂಗಿಗೆ ಬಂದಂತಾಯಿತು. ಆ ವರ್ಷ ನಮ್ಮ ಮನೆಯಿಡೀ ಅದೇ ವಾಸನೆ.

ತೊಂಬತ್ತರ ದಶಕದ ನಡುವಿನ ಮಾತು. ಇವರು ಯಲ್ಲಾಪುರದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರು. ಹೆದ್ದಾರಿಯ ಪಕ್ಕ, ಟಯರಿಗೆ ಪಂಕ್ಚರು ಹಾಕುವ ಅಂಗಡಿಯ ಹಿಂದೆ ನಮ್ಮ ಬಾಡಿಗೆ ಮನೆ. ಹಗಲಿಡೀ ಲಾರಿ, ಕಿಟಕಿ ತೆಗೆದರೆ ಕೆಂಪು ಧೂಳು. ದೀಪಾವಳಿ ಕಳೆದ ಮೇಲೆ ಮಾವ ಹುಬ್ಬಳ್ಳಿಯ ಮನೆ ಬಿಟ್ಟು ನಮ್ಮಲ್ಲಿಗೆ ಬಂದರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಕ್ಯಾಸಲ್‌ರಾಕಿನ ಘಟ್ಟದಲ್ಲಿ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಮಳೆ, ಚಳಿ, ಹೊಗೆ ತಿಂದು ಪೂರಾ ಸರ್ವಿಸು ಮುಗಿಸಿದವರು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಜೊತೆ ಬಂದವರು ತಂಗಿ ಗಂಗತ್ತೆ. ಒಂದು ಕಬ್ಬಿಣದ ಟ್ರಂಕು, ಒಂದು ಕೈದೀಪ, ಕೆಂಪು-ಹಸಿರು ಬಾವುಟಗಳೂ ಬಂದವು. ಇವೆಲ್ಲಕ್ಕೂ ಮೊದಲು ಹೊಸ್ತಿಲು ದಾಟಿದ್ದು ಮಾವನ ಕಿಸೆ ಗಡಿಯಾರ.

ಅದಕ್ಕೊಂದು ಸರಪಳಿ ಇತ್ತಂತೆ, ಯಾವ ಕಾಲದಲ್ಲೋ ಹರಿದುಹೋಗಿತ್ತು. ಮಾವ ಅದನ್ನು ಜನಿವಾರಕ್ಕೆ ಗಂಟು ಹಾಕಿ ಬನಿಯನ್ನಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಮ್ಮವರೆಲ್ಲ ಜನಿವಾರಕ್ಕೆ ಕಪಾಟಿನ ಬೀಗದ ಕೈ ಕಟ್ಟಿಕೊಂಡರೆ ಮಾವನದು ಕಾಲವನ್ನೇ ಕಟ್ಟಿಕೊಂಡ ಸಂಸಾರ. ಬೆಳಿಗ್ಗೆ ಎದ್ದವರೇ ಕರಕರ ಎಂದು ಕೀ ಕೊಡುತ್ತಿದ್ದರು. ವಾರಕ್ಕೊಮ್ಮೆ ಪಾಲಿಶು ಹಚ್ಚಿ ತಿಕ್ಕುತ್ತಿದ್ದರು. ರೇಡಿಯೋದಲ್ಲಿ ವಾರ್ತೆಗೆ ಮೊದಲು ಟೈಮು ತಿಳಿಸಲು ಕುಯ್ ಕುಯ್ ಎನ್ನುವಾಗ ಅವರು ಗಡಿಯಾರ ತಾಳೆ ನೋಡುತ್ತಿದ್ದರು, ಯಾರೂ ಉಸಿರೆತ್ತುವಂತಿರಲಿಲ್ಲ. ನಾನು ಒಮ್ಮೆ ಸೀನಿದ್ದಕ್ಕೆ ಸಂಜೆಯ ವಾರ್ತೆಯತನಕ ಅವರಿಗೆ ಸಮಾಧಾನ ಇರಲಿಲ್ಲ.

ಆಗ ನಾನು ಬಸುರಿ. ವಾಂತಿ, ಓಕರಿಕೆ, ಹುಳಿತೇಗು. ಅಂಥದ್ದರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಮಾವ ಬಂದು ನಿಂತು, ಸಿಟ್ಟಿಲ್ಲ ಸೆಡವಿಲ್ಲ, ಸ್ಟೇಶನ್ನಿನಲ್ಲಿ ಸಾರಿದ ಹಾಗೆ ಹೇಳುತ್ತಿದ್ದರು:

"ವಿಶಾಲೂ, ಇವತ್ತು ದೋಸೆ ಲೇಟು."

"ಹಿಟ್ಟು ಹುಳಿ ಬಂಜಿಲ್ಲೆ ಮಾವ."

"ಕಾರಣ ಕೇಳಿದ್ನಿಲ್ಲೆ. ಲೇಟು ಹೇಳಿ ಹೇಳಿದ್ದು."

ಲೇಟು ಎನ್ನುವುದು ಅವರ ಬಾಯಲ್ಲಿ ಬೈಗುಳವಲ್ಲ, ಬರೀ ವರದಿ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ವರದಿಗೆ ಏನೆಂದು ಉತ್ತರ ಕೊಡುವುದು? ಸ್ನಾನದ ನೀರು ಲೇಟು, ಹಾಲಿನವನು ಲೇಟು, ಇವರು ಸ್ಕೂಲಿಂದ ಬಂದದ್ದು ಬಿಫೋರು. ಬೇಗ ಬಂದರೂ ತಪ್ಪೇ. ನನ್ನ ತಲೆ ಚಿಟ್ಟುಹಿಡಿದು ಹೋಗುತ್ತಿತ್ತು. ಊರಿಗೆ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎಂದು ಗೊಣಗಿದರೆ ಗಂಗತ್ತೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಆನು ಇದನ್ನ ನಲವತ್ತು ವರ್ಷ ಕೇಳಿದ್ದಿ ತಂಗಿ. ಸಾರು ಮಾತ್ರ ಕುದಿಯೋ ಹೊತ್ತಿಗೇ ಕುದೀತು."

ಊರಿನವರಿಗೋ, ಇದೊಂದು ಮೋಜು. ರೈಲೇ ಇಲ್ಲದ ಊರಲ್ಲಿ ರೈಲ್ವೆ ಟೈಮು! ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮಾವ ಕೂತರೆ ಡ್ರೈವರುಗಳು "ಗಾರ್ಡ್ ಹೆಗಡೇರೆ, ಎಷ್ಟಾತು ನೋಡಿ" ಎಂದು ಕೇಳಿ ತಮ್ಮ ಕೈಗಡಿಯಾರ ತಿರುಗಿಸಿಕೊಳ್ಳುತ್ತಿದ್ದರು. ಇವರ ಸ್ಕೂಲಿನ ಗಂಟೆ ಹೊಡೆಯುವವನೂ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ನಿಂತು ಹೊತ್ತು ಕೇಳಿಕೊಂಡೇ ಹೋಗುತ್ತಿದ್ದ. ಒಂದೇ ಚಳಿಗಾಲದಲ್ಲಿ ಅರ್ಧ ಯಲ್ಲಾಪುರ ಮಾವನ ಬನಿಯನ್ನಿನ ಕಿಸೆಯಿಂದ ನಡೆಯತೊಡಗಿತು. ಗಾರ್ಡ್ ಹೆಗಡೇರ ಗಡಿಯಾರ ತಪ್ಪಿದರೆ ಸೂರ್ಯ ತಪ್ಪಬೇಕು ಎಂದು ಜನ ತಮಾಷೆ ಮಾಡುತ್ತಿದ್ದರು, ಮಾವ ಅದನ್ನು ತಮಾಷೆ ಎಂದುಕೊಳ್ಳುತ್ತಿರಲಿಲ್ಲ.

ನನ್ನ ಕಾಲು ಊದಿಕೊಂಡು ಜಗಲಿಯಲ್ಲಿ ಕೂತೇ ಅಕ್ಕಿ ಆರಿಸುವ ದಿನಗಳು ಬಂದಾಗ ನಾನು ಅವರ ಕೈಗೆ ಚೆನ್ನಾಗಿ ಸಿಕ್ಕಿಬಿದ್ದೆ. ಎದ್ದು ಓಡುವ ಹಾಗಿಲ್ಲ. ಮಾವ ಎದುರಿಗೆ ಕೂತು ಗಡಿಯಾರ ಪುರಾಣ ಹೇಳುತ್ತಿದ್ದರು. ರೈಲು ಬರುವ ಮುಂಚೆ ಊರಿಗೊಂದು ಮಧ್ಯಾಹ್ನ ಇತ್ತಂತೆ. ಮುಂಬಯಿಯದು ಒಂದು, ಮದರಾಸಿನದು ಒಂದು, ಕಲ್ಕತ್ತದ್ದು ಇನ್ನೊಂದು. ಒಂದೇ ಹಳಿಯ ಮೇಲೆ ಎರಡು ಕಡೆಯಿಂದ ಗಾಡಿ ಬಿಡಲು ಶುರುವಾದ ಮೇಲೆ ಅದು ನಡೆಯುವುದಿಲ್ಲವಲ್ಲ. ಯಾವುದೋ ಪರದೇಶದಲ್ಲಿ ಒಬ್ಬ ಡ್ರೈವರನ ಗಡಿಯಾರ ಸ್ವಲ್ಪ ಹೊತ್ತು ನಿಂತು, ಮತ್ತೆ ತಾನೇ ನಡೆಯಿತಂತೆ. ಅವನಿಗೆ ಗೊತ್ತೇ ಆಗಲಿಲ್ಲ. ಎದುರಿನ ಗಾಡಿಗೆ ದಾರಿ ಬಿಡಬೇಕಾದ ಸ್ಟೇಶನ್ನಿಗೆ ತಡವಾಗಿ ಬಂದ, ಎರಡೂ ಗಾಡಿ ಮುಖಾಮುಖಿ ಗುದ್ದಿಕೊಂಡವು. ಆಮೇಲೆ ಅಲ್ಲಿಯ ರೈಲಿನವರು ಗಡಿಯಾರಕ್ಕೇ ಕಾನೂನು ಮಾಡಿದರು. ಮುಚ್ಚಳ ಇರಕೂಡದು. ಅಂಕಿ ದಪ್ಪಗೆ, ಸಾದಾ ಇರಬೇಕು. ಕೀ ತಿರುಗಿಸುವ ಗುಬುಟು ಹನ್ನೆರಡರ ತಲೆಯ ಮೇಲೇ ಇರಬೇಕು. ಮಲಗಿಸಿದರೂ ನಿಲ್ಲಿಸಿದರೂ ತಲೆಕೆಳಗು ಮಾಡಿದರೂ, ಚಳಿಯಾದರೂ ಸೆಕೆಯಾದರೂ ಒಂದೇ ಸಮ ನಡೆಯಬೇಕು.

ಮಾವನದು ಅಂಥ ಅಮೆರಿಕದ ಗಡಿಯಾರ. ಹುಬ್ಬಳ್ಳಿಯಲ್ಲಿ ನಿವೃತ್ತನಾದ ಒಬ್ಬ ಆಂಗ್ಲೋ-ಇಂಡಿಯನ್ ಡ್ರೈವರನಿಂದ ಕೊಂಡದ್ದಂತೆ. ನಮ್ಮ ರೈಲಿನಲ್ಲಿ ದಿನಕ್ಕೊಮ್ಮೆ ತಂತಿಯ ಮೇಲೆ ಎಲ್ಲ ಸ್ಟೇಶನ್ನಿಗೂ ಒಂದೇ ಟೈಮು ಬರುತ್ತಿತ್ತು, ಗಾಡಿ ಬಿಡುವ ಮೊದಲು ಗಾರ್ಡೂ ಡ್ರೈವರೂ ಗಡಿಯಾರಗಳನ್ನು ತಾಳೆ ನೋಡಿಕೊಳ್ಳಬೇಕಿತ್ತು. ಹೆಂಡತಿಯ ಜೊತೆ ಜಾತಕ ತಾಳೆ ಆಗದಿದ್ದರೂ ನಡೆಯುತ್ತದೆ, ಡ್ರೈವರನ ಜೊತೆ ಗಡಿಯಾರ ತಾಳೆ ಆಗಬೇಕು ಎಂದು ಅವರು ಹೇಳಿದಾಗ ಮಾತ್ರ ನನಗೆ ನಗು ಬಂತು.

ಒಂದು ದಿನ ಗಡಿಯಾರದ ಗಾಜಿನ ಉಂಗುರವನ್ನು ತಿರುಪಿ ಬಿಚ್ಚಿ ತೋರಿಸಿದರು. ಮುಳ್ಳು ತಿರುಗಿಸಲು ಗುಬುಟು ಎಳೆದರೆ ಸಾಲದು. ಗಾಜು ತೆಗೆದು, ಅಂಕಿಗಳ ಅಂಚಿನಲ್ಲಿ ಅಡಗಿರುವ ಒಂದು ಸಣ್ಣ ಕಡ್ಡಿಯನ್ನು ಉಗುರಿನಿಂದ ಹೊರಗೆಳೆಯಬೇಕು. ಆಮೇಲೆ ತಿರುಗಿಸಬೇಕು.

"ಇದೆಂತ ಮಾವ, ಇಷ್ಟು ರಗಳೆ?"

"ರಗಳೆ ಇರವು. ಟೈಮ್ ಬದಲಿಸದು ಬೆರಳಾಟ ಆಗ್ಲಾಗ. ಬೇಕು ಹೇಳಿಯೇ ಮಾಡವು, ತಿಳಿದು ಮಾಡವು" ಎಂದು ಗಾಜನ್ನು ಮತ್ತೆ ತಿರುಪಿ ಮುಚ್ಚಿದರು. ನಾನು ಅಕ್ಕಿಯ ಕಲ್ಲು ಆರಿಸಿದೆ.

ಫಾಲ್ಗುಣ ಬಂತು. ಆಗ ಯಲ್ಲಾಪುರಕ್ಕೆ ರೈಲು ಬರುತ್ತದೆಂಬ ಸುದ್ದಿ ಎದ್ದಿತ್ತು. ಸರ್ವೆಯವರು ಕಾಡಿನಲ್ಲಿ ಗೂಟ ಹುಗಿದಿದ್ದಾರೆಂದು ಯಾರೋ ಹೇಳಿದ್ದೇ ತಡ, ಮಾವ ಬಸ್ಸು ಹತ್ತಿ ಇಡಗುಂದಿಗೆ ಹೋಗಿ, ಬಿಸಿಲಲ್ಲಿ ಅಲೆದು, ಒಂದು ಗೂಟ ನೋಡಿಕೊಂಡು ಬಂದರು. ಬಂದವರು ಕಾಲು ತೊಳೆಯುವ ಮೊದಲೇ, "ನಮ್ಮ ಕೂಸು ರೈಲಲ್ಲಿ ಹುಬ್ಬಳ್ಳಿ ಕಾಲೇಜಿಗೆ ಹೋಗ್ತು" ಎಂದರು. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುವುದನ್ನು ಕೇಳಿದ್ದೆ. ಮಾವ ಕೂಸು ಹುಟ್ಟುವ ಮೊದಲೇ ಗಾಡಿ ಬಿಟ್ಟರು, ನಮ್ಮಲ್ಲಿ ಕೂಸೆಂದರೆ ಹುಡುಗಿ, ಹಾಗಾಗಿ ಹೆಣ್ಣೆಂದೂ ತೀರ್ಮಾನಿಸಿದರು. ರೈಲು ಇವತ್ತಿಗೂ ಬಂದಿಲ್ಲ.

ಹೆಣ್ಣು ಎನ್ನುವ ಮಾತು ಬಂದಾಗ ಗಂಗತ್ತೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು. ಅವರದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಹೆಣ್ಣು ಬಂದರೆ ಆ ಮನೆಯ ಮಾವ ಉಳಿಯುವುದಿಲ್ಲ ಎಂಬ ಒಂದು ಮಾತು ಅವರ ಬದುಕನ್ನು ತಿಂದುಹಾಕಿತ್ತು. ನೋಡಲು ಲಕ್ಷಣ, ಕಂಠ ಚೆನ್ನ, ಕೈಯಡಿಗೆ ಚೆನ್ನ. ಜಾತಕ ಹೋದಲ್ಲೆಲ್ಲ ತಿರುಗಿ ಬಂತು. ಗಂಡಿನ ಅಪ್ಪ ತೀರಿಕೊಂಡಿರುವ ಮನೆಗಳನ್ನೇ ಹುಡುಕಿಸಿದರಂತೆ. ಬಿಳಗಿಯ ಕಡೆ ಒಂದು ಸಿಕ್ಕಿತು, ಗಂಡಿಗೆ ಎರಡನೇ ಸಂಬಂಧ, ಗಂಗತ್ತೆಯ ಅಪ್ಪನ ವಯಸ್ಸು. ಅದನ್ನು ಮಾಡಲಿಲ್ಲ, ಬೇರೆ ಬರಲಿಲ್ಲ. ಗಂಗತ್ತೆ ಅಣ್ಣನ ಅಡಿಗೆಮನೆಯಲ್ಲಿ ಮುದುಕಿಯಾದರು.

ಚೊಚ್ಚಲು ಹೆರಿಗೆ ತವರಲ್ಲಿ ಆಗಬೇಕು. ನನ್ನ ತವರು ಸಿದ್ದಾಪುರದ ಆಚೆ ನಿಲ್ಕುಂದ. ಅಲ್ಲಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ದಾರಿಯಲ್ಲೇ ಹಡೆಯಬೇಕಾದೀತು ಎಂದು ಆಯಿಯೇ ಹೆದರಿ, ಯಲ್ಲಾಪುರದಲ್ಲೇ ಆಗಲಿ ಎಂದಳು. ವೈಶಾಖದ ಒಂದು ಬೆಳಿಗ್ಗೆ ನೋವು ಬಂತು. ರಿಕ್ಷಾದಲ್ಲಿ ನಾನು, ಗಂಗತ್ತೆ, ಮುಂದೆ ಡ್ರೈವರನ ಪಕ್ಕ ಮಾವ. ಆಸ್ಪತ್ರೆಯಲ್ಲಿ ಮಾವ ಮೊದಲು ಮಾಡಿದ ಕೆಲಸ ಹೆರಿಗೆ ಕೋಣೆಯ ಗೋಡೆ ಗಡಿಯಾರವನ್ನು ತಾಳೆ ನೋಡಿದ್ದು.

"ಎಂಟು ನಿಮಿಷ ಮುಂದೆ ಇದ್ದು" ಎಂದರು.

ನರ್ಸು ಮುಂಡಗೋಡದ ಕಡೆಯವಳು. "ಡ್ಯೂಟಿಗಿ ಎಲ್ಲಾರೂ ಲಗೂನ ಬರ್ಲಿ ಅಂತ ನಾನ ಮುಂದ ಇಟ್ಟೀನ್ರಿ. ಅಜ್ಜಾರ, ನೀವು ಹೊರಗ ಕುಂದರ್ರಿ" ಎಂದಳು.

"ಕೂತ್ಕತ್ತೆ. ಕೂಸು ಕೂಗಿದ ಕೂಡ್ಲೆ ಒಂದು ಮಾತು ಕೂಗಿ ಹೇಳವು."

"ಕೂಸು ಕೂಗಿದ್ರ ನಿಮಗ ಕೇಳಿಸ್ತದಲ್ರಿ! ನಾ ಯಾಕ ಬ್ಯಾರೆ ಕೂಗ್ಬೇಕು?"

ಬೆನ್ನು ಮುರಿಯುವ ನೋವಿನ ನಡುವೆ ಇಷ್ಟೂ ನನಗೆ ಕೇಳಿಸಿತು. ದೇವರಾಣೆ, ಆ ಗಡಿಯಾರ ಕಿತ್ತು ಹೆದ್ದಾರಿಯ ಲಾರಿಯ ಕೆಳಗೆ ಹಾಕಬೇಕು ಎನ್ನಿಸಿತ್ತು. ಮಧ್ಯಾಹ್ನದ ಮೊದಲು ಹೆಣ್ಣು ಹುಟ್ಟಿತು, ಕೂಗಿತು. ಹೊರಗಿನಿಂದ ಮಾವ ಗಂಟೆ, ನಿಮಿಷ, ಸೆಕೆಂಡು ಸಮೇತ ಸಾರಿದ್ದೂ ಕೇಳಿಸಿತು. ಆಮೇಲೆ ಸುಮ್ಮನಿರಬೇಕಲ್ಲ! ಕಂಪೌಂಡರನಿಗೆ ಹೇಳಿದರು, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿದರು, ದಾರಿಯಲ್ಲಿ ಸಿಕ್ಕವರಿಗೆಲ್ಲ ಪೇಡೆ ಕೊಟ್ಟು ಹೇಳಿದರು. ಮೊಮ್ಮಗಳು ಹುಟ್ಟಿದ ಸಂತೋಷವನ್ನು ಹೇಳಲು ಅವರಿಗೆ ಬೇರೆ ಭಾಷೆ ಗೊತ್ತಿರಲಿಲ್ಲ.

ಮಧ್ಯಾಹ್ನ ಇವರು ಭಟ್ಟರ ಮನೆಗೆ ಹೋಗಿ ಪಂಚಾಂಗ ನೋಡಿಸಿಕೊಂಡು ಬಂದರು. ಮುಖ ಸಪ್ಪಗಿತ್ತು. ಮಾವ ಹೇಳಿದ ಹೊತ್ತಿಗೆ ಮೂಲಾ ನಕ್ಷತ್ರ ಮುಗಿಯಲು ಇನ್ನೂ ಐದಾರು ನಿಮಿಷ ಇತ್ತು. ಆಸ್ಪತ್ರೆಯ ಗಡಿಯಾರದ ಪ್ರಕಾರ ಮೂಲಾ ಕಳೆದು ಪೂರ್ವಾಷಾಢ ಬಂದಿತ್ತು.

"ಹಂಗಾರೆ ಆಸ್ಪತ್ರೆ ಟೈಮೇ ಹಿಡಿವನ. ಅದು ಸರ್ಕಾರಿ ದಾಖಲೆ" ಎಂದರು ಇವರು.

ಮಾವ ಬೆಂಚಿನ ಮೇಲೆ ಕೂತಿದ್ದರು. "ಆ ಗಡಿಯಾರ ಎಂಟು ನಿಮಿಷ ಮುಂದೆ ಇದ್ದು. ಆನೇ ನೋಡಿದ್ದಿ, ನರ್ಸೂ ಒಪ್ಪಿದ್ದು."

"ಅಪ್ಪಯ್ಯ, ಐದು ನಿಮಿಷದ ವಿಷಯ."

"ಐದು ನಿಮಿಷ ಹೇಳಿ ಬಿಡ್ಲೆ ಬತ್ತಿಲ್ಲೆ. ಆದ ಟೈಮ್ ಆದ ಟೈಮೇ."

ಅಪ್ಪ ಮಗ ಹಾಸಿಗೆಯ ಈಚೆ ಆಚೆ ನಿಂತು ನಿಮಿಷ ಕೂಡಿಸಿ ಕಳೆಯುತ್ತಿದ್ದರು. ನಾನು ನಡುವೆ ಮಲಗಿದ್ದೆ, ಹೊಲಿಗೆ ಉರಿಯುತ್ತಿತ್ತು. ಒಂದು ಹಂತದಲ್ಲಿ ಇವರು ಹೊಕ್ಕುಳು ಕೊಯ್ದ ಹೊತ್ತನ್ನು ಲೆಕ್ಕಕ್ಕೆ ಹಿಡಿದರೆ ಹೇಗೆ ಎಂದು ಕೇಳಿದರು. "ನಿಂಗ್ಳಿಬ್ರೂ ಹೊರಗೆ ಹೋಗಿ!" ಎಂದು ಚೀರಿದೆ. ಮಗು ಎಚ್ಚರಾಗಿ ಅತ್ತಿತು, ನಾನೂ ಅತ್ತೆ. ಗಂಗತ್ತೆ ಬಟ್ಟೆ ಹಿಂಡುತ್ತಿದ್ದರು. ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದರು.

ನನಗೆ ನಕ್ಷತ್ರದ ನಂಬಿಕೆ ಇತ್ತೇ ಎಂದರೆ, ಇಲ್ಲ ಎನ್ನಬಹುದು. ಆದರೆ ನನ್ನ ನಂಬಿಕೆ ಕಟ್ಟಿಕೊಂಡು ಏನು ಮಾಡುವುದು? ನಂಬುವವರ ಮನೆಗೇ ತಾನೆ ಹೆಣ್ಣು ಕೊಡಬೇಕು? ಆ ಸಲ ನನ್ನನ್ನು ಹೆದರಿಸಿದ್ದು ಆಕಾಶದ ನಕ್ಷತ್ರವಲ್ಲ, ಬಟ್ಟೆ ಹಿಂಡುತ್ತಿದ್ದ ಗಂಗತ್ತೆ.

ಮನೆಗೆ ಬಂದ ಮೇಲೆ ಭಟ್ಟರು ಬಂದರು. ಪುರುಡಿನ ಮನೆಯೆಂದು ಒಳಗೆ ಬಾರದೆ ಗೇಟಿನ ಹೊರಗೆ ನಿಂತೇ ಪಂಚಾಂಗ ಬಿಡಿಸಿದರು. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಹುಡುಕುತ್ತಿದ್ದರು.

"ಆಸ್ಪತ್ರೆ ಹೊತ್ತು ಬರಿಲಕ್ಕು ಗಾರ್ಡ್ ಭಾವ. ಯಂಗೆ ಅಡ್ಡಿ ಇಲ್ಲೆ. ಆದ್ರೆ ನಿಮ್ಮ ಗಡಿಯಾರದ ಹೊತ್ತು ನೀವು ಊರಿಗೆಲ್ಲ ಹೇಳಿ ಆಜು. ಈಗ್ಲೇ ಬಸ್‌ಸ್ಟ್ಯಾಂಡಲ್ಲಿ ಜನ ಕೇಳ್ತಾ ಇದ್ದೊ, ಮೂಲಾ ಹೌದನ ಹೇಳಿ. ನಾಳೆ ಗಂಡಿನ ಕಡೆಯವು ವಿಚಾರಿಸಿದ್ರೆ ಯನ್ನ ಬರಹ ನಿಲ್ತಿಲ್ಲೆ. ನಿಮ್ಮ ಗಡಿಯಾರ ಸುಳ್ಳು ಹೇಳ್ತು ಹೇಳಿ ಯಾರು ನಂಬ್ತ?"

"ಅದು ಸುಳ್ಳು ಹೇಳ್ತಿಲ್ಲೆ" ಎಂದರು ಮಾವ. ಹೆಮ್ಮೆಯಿಂದ ಹೇಳಲಿಲ್ಲ, ಸೋತ ದನಿಯಲ್ಲಿ ಹೇಳಿದರು. ಆದರೂ ಹೇಳಿದರು. ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಸರಿಡುವ ದಿನದವರೆಗೆ ನಾನು ಅವರ ಜೊತೆ ಮಾತು ಬಿಟ್ಟೆ. ಅವರೂ ಆ ದಿನಗಳಲ್ಲಿ ಯಾವುದನ್ನೂ ಲೇಟು ಎನ್ನಲಿಲ್ಲ.

ಹೆಸರಿಡುವ ಹಿಂದಿನ ದಿನ, ಮಧ್ಯಾಹ್ನದ ಊಟ ಆಗಿತ್ತು. ಮೊದಲ ಗುಡುಗು ದೂರದಲ್ಲಿ ಉರುಳುತ್ತಿತ್ತು, ಮಳೆ ಬರಲೊಲ್ಲದು, ಸೆಕೆ. ನಾನು ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಜಗಲಿಯಲ್ಲಿ ಮಾವ ಒಬ್ಬರೇ ಕೂತಿದ್ದರು. ಗಂಗತ್ತೆ ಕೈ ಒರೆಸಿಕೊಳ್ಳುತ್ತ ಹೋಗಿ ಅವರ ಎದುರು ಕೂತರು. ಅಣ್ಣನ ಎದುರು ಅವರು ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಣ್ಣಯ್ಯ, ಒಂದು ಕೇಳ್ತೆ. ಆನು ಹುಟ್ಟಕಾದ್ರೆ ನಮ್ಮನೇಲಿ ಗಡಿಯಾರ ಇತ್ತ?"

"ಇತ್ತಿಲ್ಲೆ. ಊರಲ್ಲೇ ಇತ್ತಿಲ್ಲೆ."

"ಮತ್ತೆ ಹೊತ್ತು ಹೇಳಿದ್ದು ಯಾರು?"

"ಅಪ್ಪಯ್ಯ. ದನ ಬಿಡೋ ಹೊತ್ತು ಹೇಳಿ ಹೇಳಿದ್ನಡ. ಆಯಿ ಹೇಳ್ತಿತ್ತು."

"ಅಂದಾಜು."

"ಅಂದಾಜೇ."

ಗಂಗತ್ತೆ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಕೇಳುವ ದನಿಯಲ್ಲೇ ಹೇಳಿದರು: "ದನ ಒಂಚೂರು ತಡವಾಗಿ ಬಿಟ್ಟಿದ್ದು ಹೇಳಿದ್ರೆ ಅವಂಗೆ ಎಂತ ಹೋಗ್ತಿತ್ತು ಅಣ್ಣಯ್ಯ?"

ಗಂಗತ್ತೆ ಎದ್ದು ಒಳಗೆ ಬಂದು ಮರುದಿನದ ಪಾಯಸಕ್ಕೆ ಬೆಲ್ಲ ಜಜ್ಜತೊಡಗಿದರು. ಸಂಜೆಯ ವಾರ್ತೆಗೆ ರೇಡಿಯೋ ಹಾಕಿದವರು ಯಾರೂ ಇರಲಿಲ್ಲ.

ಮರುದಿನ ಮನೆ ತುಂಬ ಜನ. ನಿಲ್ಕುಂದದಿಂದ ನನ್ನ ಅಪ್ಪ, ಆಯಿ ಬಂದಿದ್ದರು. ಇವರ ಸ್ಕೂಲಿನವರು, ಚಹಾದಂಗಡಿಯವನು, ಇಬ್ಬರು ಬಸ್ಸಿನ ಡ್ರೈವರುಗಳು. ಭಟ್ಟರು ಅಕ್ಕಿ ಹರಡಿದ ತಟ್ಟೆಯ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, "ಜನನ ಕಾಲ ಹೇಳಿ" ಎಂದರು. ಎಲ್ಲರೂ ನೋಡಿದ್ದು ಮಾವನ ಕಡೆಗೇ.

ಮಾವ ಎದ್ದು ನಿಂತರು. ಇಂಥ ಮಾತಿಗೆ ಯಾರೂ ಎದ್ದು ನಿಲ್ಲುವುದಿಲ್ಲ, ಅವರು ನಿಂತರು.

"ಆಸ್ಪತ್ರೆ ಗಡಿಯಾರದ ಹೊತ್ತೇ ಸರಿ, ಭಟ್ರೇ. ಅದನ್ನೇ ಹಿಡಿರಿ. ಆನು ಹೇಳಿದ್ದು ತಪ್ಪು."

"ಗಡಿಯಾರ ತಪ್ಪಿತ್ತ ಭಾವ?" ಭಟ್ಟರು ಮೆಲ್ಲಗೆ ಕೇಳಿದರು.

"ಗಡಿಯಾರ ತಪ್ತಿಲ್ಲೆ. ಯನ್ನ ಕಣ್ಣು ತಪ್ಪಿದ್ದು. ಕೆಲವು ದಿನ ಆತು, ಮುಳ್ಳು ಸರಿ ಕಾಣ್ತಿಲ್ಲೆ. ಯಾರಿಗೂ ಹೇಳಿದ್ನಿಲ್ಲೆ. ಆಸ್ಪತ್ರೆಯದ್ದು ಮುಂದೆ ಇದ್ದು ಹೇಳಿದ್ದೂ ಅದೇ ತಪ್ಪು."

ಡ್ರೈವರುಗಳಲ್ಲಿ ಒಬ್ಬ, "ಹಂಗಾದ್ರೆ ಇಷ್ಟು ದಿನ ನಾವು ಕುರುಡರ ಟೈಮಲ್ಲಿ ಬಸ್ಸು ಬಿಟ್ಟಿದ್ದು!" ಎಂದ. ಜನ ಗೊಳ್ಳೆಂದು ನಕ್ಕರು. ಮಾವ ತಾವೂ ನಕ್ಕರು. ಭಟ್ಟರು ಪೂರ್ವಾಷಾಢ ಎಂದು ಬರೆದರು. ನನ್ನ ಮಗಳಿಗೆ ಹೆಸರಾಯಿತು. ಅಡಿಗೆಮನೆಯಲ್ಲಿ ಗಂಗತ್ತೆ ಪಾಯಸದ ಪಾತ್ರೆಯ ಮುಂದೆ ಕೂತು ಮುಖಕ್ಕೆ ಸೆರಗು ಒತ್ತಿಕೊಂಡಿದ್ದನ್ನು ನಾನು ನೋಡಿದೆ, ನೋಡದ ಹಾಗೆ ತಿರುಗಿದೆ.

ಅಂದು ಸಂಜೆಯೇ ಮಗು ಕಾರಣವಿಲ್ಲದೆ ಕಿರುಚತೊಡಗಿತು. ನನ್ನ ತಲೆಕೂದಲಿನ ಒಂದು ಎಳೆ ಅದರ ಕಾಲ ಕಿರುಬೆರಳಿಗೆ ಸುತ್ತಿ ಕೊರೆಯುತ್ತಿತ್ತು. ನನಗಾಗಲಿ ಇವರಿಗಾಗಲಿ ಅದು ಕಾಣಲೇ ಇಲ್ಲ. ಮಾವ ಬಂದವರು ಬಗ್ಗಿ ನೋಡಿ, ಕನ್ನಡಕವಿಲ್ಲದ ಕಣ್ಣಲ್ಲೇ ಕೂದಲಿನ ತುದಿ ಹಿಡಿದು, ಉಗುರಿನಿಂದ ಬಿಡಿಸಿ ತೆಗೆದರು. ತೆಗೆದ ಮೇಲೆ ನನ್ನ ಮುಖ ನೋಡಿದರು. ನಾನೂ ನೋಡಿದೆ. ನಾವು ಅದರ ಬಗ್ಗೆ ಅಂದೂ ಮಾತಾಡಲಿಲ್ಲ, ಮುಂದೂ ಮಾತಾಡಲಿಲ್ಲ.

ಇವರಿಗೋ, ಇದೇನೂ ತಲೆಗೆ ಹೋಗಲಿಲ್ಲ. ಗಣಿತದ ಮಾಸ್ತರಲ್ಲವೇ! ಅಪ್ಪಯ್ಯನ ಕಣ್ಣು ಹೋಯಿತೆಂದು ಗಾಬರಿಯಾಗಿ ಶಿರಸಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಈ ವಯಸ್ಸಿನಲ್ಲಿ ಇಂಥ ಕಣ್ಣು ಅಪರೂಪ ಎಂದು ಡಾಕ್ಟರು ಹೇಳಿದರಂತೆ. ಮಾವ ಒಪ್ಪಲಿಲ್ಲವಂತೆ. ಕನ್ನಡಕ ಕೊಡಲೇಬೇಕು ಎಂದು ಹಟ ಹಿಡಿದು, ಕೊನೆಗೆ ನಂಬರಿಲ್ಲದ ಸಾದಾ ಗಾಜಿನ ಒಂದು ಕನ್ನಡಕ ಮಾಡಿಸಿಕೊಂಡೇ ಬಂದರು. "ಅಪ್ಪಯ್ಯಂಗೆ ಅರಳುಮರಳು" ಎಂದು ಇವರು ನನ್ನ ಹತ್ತಿರ ತಲೆ ಚಚ್ಚಿಕೊಂಡರು. ನಾನು ಹೂಂ ಎಂದೆ.

ಕಣ್ಣು ತಪ್ಪಿದ ಗಾರ್ಡನನ್ನು ಗಾಡಿ ಹತ್ತಿಸುವುದಿಲ್ಲ. ಅದು ಅವರ ಇಲಾಖೆಯ ರೀತಿ. ಮಾವ ಅದನ್ನು ತಮಗೆ ತಾವೇ ಜಾರಿ ಮಾಡಿಕೊಂಡರು. ಗಡಿಯಾರ ಟ್ರಂಕಿಗೆ ಹೋಯಿತು, ಜನಿವಾರಕ್ಕೆ ಬರೀ ಗಂಟು ಉಳಿಯಿತು. ಬೆಳಿಗ್ಗೆ ಕೀ ಕೊಡುವ ಕರಕರ ನಿಂತಿತು. ಡ್ರೈವರುಗಳು ಹೊತ್ತು ಕೇಳುವುದನ್ನು ಬಿಟ್ಟರು, "ಹೆಗಡೇರೆ, ನನ್ನ ಬಸ್ಸು ಯಾವುದು ಹೇಳಿ ನೋಡುವ" ಎಂದು ಕಾಡಿಸುವುದನ್ನು ಶುರು ಮಾಡಿದರು. ಮಾವ ಕನ್ನಡಕ ಏರಿಸಿ, ಕಣ್ಣು ಕಿರಿದು ಮಾಡಿ, ತಪ್ಪು ಬಸ್ಸಿನ ಹೆಸರು ಹೇಳಿ ನಗಿಸುತ್ತಿದ್ದರು. ಮನೆಯಲ್ಲಿ ದಿನಕ್ಕೆ ಹತ್ತು ಸಲ ನನ್ನನ್ನು ಕೇಳತೊಡಗಿದರು, "ವಿಶಾಲೂ, ಎಷ್ಟೊತ್ತಾತು?" ಹಾಲು ಉಕ್ಕುವಾಗ, ಮಗು ಅಳುವಾಗ, ಕುಕ್ಕರು ಕೂಗುವಾಗ. ಲೇಟು ಎಂದು ಹೇಳಿಸಿಕೊಳ್ಳುವುದೇ ಎಷ್ಟೋ ವಾಸಿಯಿತ್ತು. ಒಂದೊಂದು ಸಲ ರೇಗಿ, ನೋಡದೆಯೇ ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ. ಅದು ತಪ್ಪೆಂದು ಬಿಸಿಲು ನೋಡಿದರೇ ಅವರಿಗೆ ತಿಳಿಯುತ್ತಿತ್ತು. "ಆತು" ಎನ್ನುತ್ತಿದ್ದರು.

ವರ್ಷಗಳು ಹೋದವು. ನಮಗೆ ಶಿರಸಿಗೆ ವರ್ಗವಾಯಿತು. ಗಂಗತ್ತೆ ಒಂದು ಮಳೆಗಾಲ ಜ್ವರ ಬಂದು ಹೋಗಿಬಿಟ್ಟರು. ಮಗಳು ಎರಡನೇ ಕ್ಲಾಸಿಗೆ ಬಂದಳು, ಸ್ಕೂಲಿನಲ್ಲಿ ಗಡಿಯಾರ ನೋಡುವುದನ್ನು ಹೇಳಿಕೊಟ್ಟರು. ಅಂದು ಚೀಲ ಎಸೆದವಳೇ ಗೋಡೆ ಗಡಿಯಾರದ ಮುಂದೆ ನಿಂತು, ಅಜ್ಜನಿಗೆ ಕಣ್ಣು ಕಾಣುವುದಿಲ್ಲವಲ್ಲ ಎಂದು ಒಂದೊಂದೇ ಅಂಕಿ ಬೆರಳಿಟ್ಟು ಎಣಿಸಿ, ಗಟ್ಟಿಯಾಗಿ ಓದಿದಳು.

"ಅಜ್ಜಾ, ಆರೂವರೆ ಆತು!"

ಐದೂವರೆ ಆಗಿತ್ತು. ಅಂಗಳದ ತುಂಬ ಬಿಸಿಲು. ನಾನು ತಿದ್ದಲು ಬಾಯಿ ತೆರೆದೆ. ಮಾವ ಕೈ ಎತ್ತಿ ನನ್ನನ್ನು ತಡೆದರು.

"ಕೂಸು ಹೇಳಿದ್ದೇ ಟೈಮು" ಎಂದರು.

ಆಮೇಲೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಮಡಿ ಉಟ್ಟು, ಆ ಬಿಸಿಲಿನಲ್ಲೇ ಸಂಧ್ಯಾವಂದನೆಗೆ ಕೂತರು.